ಹಡಗಿನಲ್ಲಿ ಬಂದ ತೊಗರಿ

ನನ್ನ ತವರು ಕಮಲಾಪುರ, ಕೊಟ್ಟ ಮನೆ ಕಲಬುರಗಿಯ ಖೂಬಾ ಪ್ಲಾಟ್. ಅಪ್ಪ ತೊಗರಿ ಬೆಳೆಯುವವರು. ನನ್ನ ಗಂಡ ಅದೇ ತೊಗರಿಯನ್ನು ಒಡೆದು ಬೇಳೆ ಮಾಡುವ ಮಿಲ್ಲಿನವರು. ನಮ್ಮ ಮದುವೆಯ ಮಾತು ಹುಟ್ಟಿದ್ದೂ ಗಂಜ್‌ನಲ್ಲೇ. ನಮ್ಮ ಕಡೆ ಕಾಳುಕಡಿಯ ದೊಡ್ಡ ಮಾರುಕಟ್ಟೆಗೆ ಗಂಜ್ ಎನ್ನುತ್ತಾರೆ. ಅಲ್ಲಿ ಅಪ್ಪ ಇಳಿಸಿದ್ದ ಚೀಲಕ್ಕೆ ನನ್ನ ಮಾವ ಕೈಹಾಕಿ, ಕಾಳನ್ನು ಅಂಗೈಯಲ್ಲಿ ಹೊರಳಾಡಿಸಿ, “ಯಾರದರೀ ಈ ಮಾಲು?” ಎಂದು ಕೇಳಿದ್ದರಂತೆ. ಮಾತು ಊರಿನ ಮೇಲೆ, ಮನೆತನದ ಮೇಲೆ ಹೋಗಿ, ಚಹಾ ಮುಗಿಯುವಷ್ಟರಲ್ಲಿ ಒಬ್ಬರಿಗೆ ಮಗಳಿದ್ದಾಳೆ, ಇನ್ನೊಬ್ಬರಿಗೆ ಮಗನಿದ್ದಾನೆ ಎನ್ನುವಲ್ಲಿಗೆ ಬಂತಂತೆ. “ನಿನ್ನ ನೋಡೂಕಿಂತ ಮೊದಲ ನಿಮ್ಮ ತೊಗರಿ ನೋಡೀವಿ” ಎಂದು ನಮ್ಮ ಮನೆಯವರು ಇವತ್ತಿಗೂ ಕಾಡಿಸುತ್ತಾರೆ.

ಮಾವ ತೀರಿಕೊಂಡ ಮೇಲೆ ಮಿಲ್ಲಿನ ಭಾರ ನಮ್ಮ ಮನೆಯವರ ಮೇಲೆ ಬಿತ್ತು. ಮನೆಯ ಮುಂಭಾಗದಲ್ಲಿ ಬೇಳೆ ಮಾರುವ ಚಿಲ್ಲರೆ ಅಂಗಡಿಯನ್ನು ನಾನು ನೋಡಿಕೊಳ್ಳತೊಡಗಿದೆ. ಅಪ್ಪ ತೊಗರಿ ಬೆಳೆದರೆ ಮಿಲ್ಲು ತಿರುಗುತ್ತಿತ್ತು, ಮಿಲ್ಲು ತಿರುಗಿದರೆ ಅಪ್ಪನ ತೊಗರಿ ಮಾರಾಟವಾಗುತ್ತಿತ್ತು. ಒಂದು ಮನೆಯ ಒಳ್ಳೆಯದು ಇನ್ನೊಂದರ ಕೆಟ್ಟದ್ದಾಗಬಹುದು ಎಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಹಾಗಾದದ್ದು ತೊಗರಿಗೆ ನೆಟೆ ರೋಗ ಬಂದ ವರ್ಷದಿಂದ. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದವು. ಅಪ್ಪನ ಹೊಲದಲ್ಲೂ ಫಸಲು ಅರ್ಧಕ್ಕಿಳಿಯಿತು. ಆದರೆ ಎಲ್ಲೆಡೆ ಕಡಿಮೆಯಾದದ್ದರಿಂದ ಬೆಲೆ ಏರಿ, ಅವರಿಗೆ ಅಷ್ಟೇನೂ ಪೆಟ್ಟು ಬೀಳಲಿಲ್ಲ. ಪೆಟ್ಟು ಬಿದ್ದದ್ದು ನಮಗೆ. ಮಳೆಗಾಲ ಹಿಡಿಯುವಷ್ಟರಲ್ಲಿ ಗಂಜ್‌ನಲ್ಲಿ ಒಡೆಯಲು ತೊಗರಿಯೇ ಇರಲಿಲ್ಲ. ಮಿಲ್ಲು ನಿಂತಿತು. ಅಂಗಳದಲ್ಲಿ ತೊಗರಿ ಒಣಹಾಕುವ, ಬೇಳೆ ಹಸನು ಮಾಡುವ ಹೆಂಗಸರು ದಿನಾ ಬೆಳಿಗ್ಗೆ ಬಂದು ಗೇಟಿನ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ನಮ್ಮ ಮನೆಯವರು ಮಿಲ್ಲಿನ ಕಡೆ ಹೋಗುವುದನ್ನೇ ಬಿಟ್ಟರು. “ಅವರ ಮಾರಿ ನೋಡಾಕ ಆಗಂಗಿಲ್ಲ” ಎಂದು ಮನೆಯಲ್ಲೇ ಕೂರುತ್ತಿದ್ದರು.

ಅಂಗಡಿಯಲ್ಲಿ ನನ್ನದೂ ಅದೇ ಪಾಡು. ವರ್ಷದ ಬೇಳೆಯನ್ನು ಒಟ್ಟಿಗೆ ಒಯ್ಯುತ್ತಿದ್ದವರು ವಾರಕ್ಕಾಗುವಷ್ಟು ಕೇಳತೊಡಗಿದರು. ನನ್ನ ಕಾಲೇಜಿನ ಗೆಳತಿಯೊಬ್ಬಳು ಐವಾನ್-ಎ-ಶಾಹಿ ಬಡಾವಣೆಯಲ್ಲಿದ್ದಾಳೆ. ಮನೆಯಲ್ಲೇ ಅಡುಗೆ ಮಾಡಿ ಹಾಸ್ಟೆಲ್ ಹುಡುಗರಿಗೆ, ಕಚೇರಿಯವರಿಗೆ ಡಬ್ಬಿ ಕಳಿಸುವುದು ಅವಳ ಕಸುಬು. ಒಂದು ದಿನ ಬಂದವಳು ಬೇಳೆಯ ಬೆಲೆ ಕೇಳಿ, ಚೀಲದ ಬಾಯಿ ಮುಚ್ಚಿ ಹಾಗೇ ನಿಂತಳು.

“ಕ್ಯಾ ಕರೂ ಬೋಲ್? ದಾಲ್ ನೀರು ನೀರು ಮಾಡೇನಿ. ಹುಡುಗೂರು ಏನೂ ಅನ್ನಂಗಿಲ್ಲ, ಸುಮ್ನ ಉಣ್ತಾರ. ಅದಕ್ಕ ನಂಗ ಜಾಸ್ತಿ ಶರಮ್ ಆಗ್ತದ” ಎಂದಳು.

ಆಗಲೇ ಸರಕಾರ ಹೊರದೇಶದ ತೊಗರಿಯ ಮೇಲೆ ಸುಂಕವಿಲ್ಲ, ಯಾರು ಬೇಕಾದರೂ ಎಷ್ಟಾದರೂ ತರಿಸಬಹುದು ಎಂದಿತು. ನಮ್ಮ ಮನೆಯವರು ಬೇರೆ ಮಿಲ್ಲಿನವರ ಜೊತೆ ಸೇರಿ ಆಫ್ರಿಕಾದ ತೊಗರಿ ತರಿಸಿದರು. ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಲಾರಿಯಲ್ಲಿ ಕಲಬುರಗಿಗೆ ಬಂತು. ಕಾಳು ಸಣ್ಣದು, ಬಣ್ಣ ಮಾಸಿದ್ದು, ಬೇಯಲು ಸ್ವಲ್ಪ ಹಟ ಮಾಡುವಂಥದು. ಆದರೂ ಅದು ಬಂದ ದಿನ ನಮ್ಮ ಅಂಗಳದಲ್ಲಿ ಹೆಂಗಸರ ಮಾತು, ನಗು, ಮೊರದ ಸದ್ದು ಮತ್ತೆ ಶುರುವಾಯಿತು. ನನಗೆ ಖುಷಿಯಾಯಿತು. ಗೆಳತಿಗೆ ಫೋನ್ ಮಾಡಿ “ಬಂದು ಒಯ್ಯಿ” ಎಂದೆ. ಕಮಲಾಪುರದ ನೆನಪು ಆ ಹೊತ್ತಿಗೆ ನನಗೆ ಬರಲೇ ಇಲ್ಲ.

ಅದೇ ವರ್ಷ ಮಳೆ ಹದವಾಗಿ ಬಂತು. ತೊಗರಿ ಆಳೆತ್ತರ ಬೆಳೆಯಿತು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆ ಚೆಲ್ಲಿ, ಅಲ್ಲೇ ಕೂತು ಊಟ ಮಾಡುತ್ತಾರೆ. ಆ ಸಲ ನಾವಿಬ್ಬರೂ ಕಮಲಾಪುರಕ್ಕೆ ಹೋಗಿದ್ದೆವು. ಅಪ್ಪ ಅಳಿಯನನ್ನು ಕರೆದುಕೊಂಡು ಹೊಲದ ತುಂಬ ಅಡ್ಡಾಡಿದರು. ಒಂದು ಗಿಡ ಬಗ್ಗಿಸಿ ಕಾಯಿ ಬಿಡಿಸಿ, ಕಾಳನ್ನು ಅವರ ಕೈಗೆ ಹಾಕಿ, “ನೋಡ್ರಿ ಅಳಿಯಂದ್ರ, ಎಷ್ಟ್ ವರ್ಷ ಆಗಿತ್ತು ಇಂಥಾ ಕಾಳು ನೋಡಿ” ಎಂದರು. ಅವ್ವ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಹರವಿಕೊಂಡು ಕರೆಯುತ್ತಿದ್ದಳು.

ಊಟಕ್ಕೆ ಕೂತಾಗ ನಮ್ಮ ಮನೆಯವರ ಮೊಬೈಲಿಗೆ ಸುದ್ದಿ ಬಂತು. ಮಿಲ್ಲಿನವರ ಗುಂಪಿನಲ್ಲಿ ಯಾರೋ ಹಾಕಿದ್ದರು. ಅವರು ಓದಿದವರೇ, “ಸುಂಕ ಇಲ್ಲದ ಆಮದು ಇನ್ನೂ ಒಂದು ವರ್ಷ ಮುಂದುವರಿಸ್ಯಾರ” ಎಂದು ನನ್ನ ಕಡೆ ತಿರುಗಿ ಹೇಳಿದರು. ದನಿಯಲ್ಲಿ ಸಮಾಧಾನವಿತ್ತು. ಹೇಳಿದ ಮೇಲೆ ತಾವು ಎಲ್ಲಿ ಕೂತಿದ್ದೇವೆ ಎಂಬುದು ಅವರಿಗೆ ಅರಿವಾಯಿತು.

ಅಪ್ಪ ಕೈಯಲ್ಲಿದ್ದ ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, ಆಮೇಲೆ ಕೇಳಿದರು:

“ಅಂದ್ರ ನನ್ನ ರಾಶಿ ಆಗೂ ಹೊತ್ತಿಗಿ ಆ ತೊಗರಿನೂ ಬರ್ತದೇನ್ರಿ?”

“ಬರ್ತದ್ರೀ ಮಾವಾರ.”

“ನಿಮ್ಮ ಮಿಲ್ಲಿಗೂ?”

“ನಾ ತರಸಲಿಲ್ಲಂದ್ರ ಬಾಜೂ ಮಿಲ್ಲಿನವ್ರು ತರಸ್ತಾರ್ರೀ. ಅವರ ಬ್ಯಾಳಿ ಅಗ್ಗ ಆಗ್ತದ, ನಮ್ದು ಹಂಗೇ ಉಳೀತದ.”

ಅಪ್ಪ “ಅಳಿಯಂದ್ರಿಗಿ ಇನ್ನೊಂದು ಹೋಳಗಿ ನೀಡು” ಎಂದು ಅವ್ವನಿಗೆ ಹೇಳಿ ಎದ್ದು ಕೈ ತೊಳೆದುಕೊಂಡರು. ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು, “ನಾ ಅದನ್ನ ಅಲ್ಲಿ ಓದಬಾರದಿತ್ತು” ಎಂದರು. ಓದದಿದ್ದರೂ ಸುದ್ದಿ ಸುದ್ದಿಯೇ ಅಲ್ಲವೇ ಎಂದು ನಾನೇ ಅವರಿಗೆ ಸಮಾಧಾನ ಹೇಳಿದೆ.

ಬೆಳೆ ಕೊಯ್ದು ರಾಶಿ ಮಾಡುವ ಹೊತ್ತಿಗೆ ಬೆಲೆ ಇಳಿಯಿತು. ಅಪ್ಪ ಮಾರಲಿಲ್ಲ. ಪಡಸಾಲೆಯಲ್ಲಿ, ಮಲಗುವ ಕೋಣೆಯಲ್ಲಿ, ದೇವರ ಕೋಣೆಯ ಬಾಗಿಲವರೆಗೆ ಚೀಲ ಒಟ್ಟಿದರು. ಸಾಲವಿರಲಿಲ್ಲ, ಊಟಕ್ಕೆ ತೊಂದರೆ ಇರಲಿಲ್ಲ. ಕೆಂಪು ಬಾಳೆಯ ತೋಟದಿಂದ ಮನೆ ನಡೆಯುತ್ತಿತ್ತು. ಆದರೆ ಅಷ್ಟು ಚಂದದ ಬೆಳೆಯನ್ನು ಆ ಬೆಲೆಗೆ ಕೊಡುವುದು ಅವರಿಂದಾಗಲಿಲ್ಲ. ಖೂಬಾ ಪ್ಲಾಟಿಗೆ ಬರುವುದನ್ನು ನಿಲ್ಲಿಸಿದರು. ನಾನು ಫೋನ್ ಮಾಡಿದರೆ ಅವ್ವನೇ ಎತ್ತಿ, “ಅವರು ತ್ವಾಟಕ್ಕ ಹೋಗ್ಯಾರ” ಎನ್ನುತ್ತಿದ್ದಳು. ಹಿಂದೆ ಅಪ್ಪ ಕೆಮ್ಮುವುದು ನನಗೆ ಕೇಳುತ್ತಿತ್ತು.

ಒಂದು ದಿನ ಹತ್ತು ಗಂಟೆ ಹೊತ್ತಿಗೆ ನಮ್ಮ ಮನೆಯವರು ಮಿಲ್ಲಿನಿಂದ ಫೋನ್ ಮಾಡಿದರು.

“ನೀ ಲಗೂನ ಬಾ. ನಿಮ್ಮ ಅಪ್ಪಾರು ನಮ್ಮ ಲಾರಿ ಮುಂದ ಕುಂತಾರ.”

ರೈತರು ಆಮದು ನಿಲ್ಲಿಸಿ ಎಂದು ಊರಲ್ಲಿ ಮೆರವಣಿಗೆ ಹೊರಟಿದ್ದರು. ಅವರಲ್ಲಿ ಒಂದಿಷ್ಟು ಜನ ಊರ ಹೊರಗಿನ ಮಿಲ್ಲುಗಳ ಕಡೆ ತಿರುಗಿ, ಮುಂಬೈಯಿಂದ ಬಂದ ಲಾರಿಯೊಂದನ್ನು ತಡೆದಿದ್ದರು. ಅದು ನಮ್ಮ ಮಿಲ್ಲಿನ ಗೇಟಿನೆದುರು ನಿಂತಿತ್ತು. ಆಟೊ ಹಿಡಿದು ಹೋದೆ. ಲಾರಿಯ ಮುಂದೆ ಡಾಂಬರಿನ ಮೇಲೆ ಅಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬಿಸಿಲಿಗೆ ಟವೆಲನ್ನು ತಲೆಗೆ ಸುತ್ತಿಕೊಂಡಿದ್ದರು. ಅವರ ಸುತ್ತ ಕಮಲಾಪುರದ ಕಡೆಯವರು. ಅರ್ಧ ಜನ ನನ್ನನ್ನು ಎತ್ತಿ ಆಡಿಸಿದವರೇ. ಗೇಟಿನ ಒಳಗೆ ನಮ್ಮ ಮನೆಯವರು, ಅವರ ಹಿಂದೆ ಮಿಲ್ಲಿನ ಹೆಂಗಸರು. ಲಾರಿಯ ಚಾಲಕ ಯಾವುದೋ ದೂರದ ಊರಿನವನು, ಇದೇನೆಂದು ತಿಳಿಯದೆ ಮೇಲೇ ಕೂತಿದ್ದ.

ನಾನು ನೀರಿನ ಬಾಟಲಿ ಹಿಡಿದು ಹೋದೆ. ಅಪ್ಪ ತಲೆ ಎತ್ತಿ ನೋಡಿದರು.

“ಯವ್ವಾ, ನೀ ಬರಬ್ಯಾಡಾಗಿತ್ತು.”

“ನಮ್ಮ ಮಿಲ್ಲಿನ ಮುಂದ ಕುಂತಿ, ನಾ ಬರಬಾರದಾ ಅಪ್ಪಾ?”

“ಇದು ಯಾರ ಮಿಲ್ಲು ಅಂತ ನೋಡಿ ಕುಂತಿಲ್ಲ. ಲಾರಿ ಇಲ್ಲಿ ನಿಂತದ, ಅದಕ್ಕ ಇಲ್ಲಿ ಕುಂತೀನಿ.” ನೀರು ಕುಡಿಯಲಿಲ್ಲ. ಬಾಟಲಿಯನ್ನು ಪಕ್ಕದಲ್ಲಿದ್ದವರಿಗೆ ದಾಟಿಸಿದರು.

ಅಷ್ಟರಲ್ಲಿ ಯಾರೋ ಲಾರಿಯ ಹಿಂದೆ ಹತ್ತಿ ಒಂದು ಚೀಲಕ್ಕೆ ಕುಡಗೋಲು ಹಾಕಿದರು. ತೊಗರಿ ರಸ್ತೆಗೆ ಸುರಿಯತೊಡಗಿತು. ಅಪ್ಪ ಎದ್ದರು. “ಏ, ಕಾಳು ಚೆಲ್ಲಬ್ಯಾಡ್ರೋ! ಲಾರಿ ತಡ್ಯಾಕ ಬಂದೀವಿ, ಕಾಳು ತುಳ್ಯಾಕ ಬಂದಿಲ್ಲ” ಎಂದು ಕೂಗುತ್ತ ಹೋಗಿ, ಹರಿದ ಬಾಯಿಯನ್ನು ಎರಡೂ ಕೈಯಿಂದ ಒತ್ತಿ ಹಿಡಿದರು. ಗೇಟು ತೆಗೆದುಕೊಂಡು ನಮ್ಮ ಮನೆಯವರೂ ಓಡಿ ಬಂದು ಚೀಲದ ತಳಕ್ಕೆ ಹೆಗಲು ಕೊಟ್ಟರು. ಮಾವ, ಅಳಿಯ ಇಬ್ಬರೂ ಸೇರಿ ಅದನ್ನು ಅಡ್ಡ ಮಲಗಿಸಿದರು. ಅಪ್ಪನ ಕೈಯಲ್ಲಿ ಒಂದು ಹಿಡಿ ಕಾಳು ಉಳಿದಿತ್ತು. ಅದನ್ನು ಬೆರಳಲ್ಲಿ ಆಡಿಸಿ ನೋಡಿ, “ಇದನ್ನ ಬೆಳದಾಂವನೂ ಎಲ್ಲೋ ಹೊಲದಾಗ ನಿಂತಿರ್ತಾನ” ಎಂದು ಮೆಲ್ಲಗೆ ಹೇಳಿ, ಚೀಲದ ಮೇಲೆ ಸುರಿದರು. ಮತ್ತೆ ಹೋಗಿ ತಮ್ಮ ಜಾಗದಲ್ಲಿ ಕೂತರು.

ನಮ್ಮ ಮನೆಯವರು ಒಳಗೆ ಹೋಗಲಿಲ್ಲ. ಅಪ್ಪನ ಪಕ್ಕದಲ್ಲೇ ರಸ್ತೆಯ ಮೇಲೆ ಕೂತರು. ಮಿಲ್ಲಿನ ಹೆಂಗಸರು ಬಂದು ಬಿದ್ದ ಕಾಳನ್ನು ಗುಡಿಸಿ ಮೊರಕ್ಕೆ ತುಂಬಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಬಂದು, ದೆಹಲಿಯಿಂದ ಅಧಿಕಾರಿಯೊಬ್ಬರು ಬರುವವರಿದ್ದಾರೆ, ರೈತರ ಮಾತನ್ನೂ ಮಿಲ್ಲಿನವರ ಮಾತನ್ನೂ ಕೇಳುತ್ತಾರೆ ಎಂದು ತಿಳಿಸಿದ ಮೇಲೆ ಜನ ಎದ್ದರು. ನಮ್ಮ ಮನೆಯವರು ಅಪ್ಪನಿಗೆ ಏಳಲು ಕೈ ಕೊಟ್ಟರು. ಅಪ್ಪ ಆ ಕೈಯನ್ನು ಹಿಡಿದೇ ಎದ್ದರು. ಆದರೆ ಮನೆಗೆ ಬರಲಿಲ್ಲ. “ಬಸ್ಸು ಹೋಗ್ತದ” ಎಂದು ಹೊರಟುಬಿಟ್ಟರು.

ಆ ಸಭೆ ಐವಾನ್-ಎ-ಶಾಹಿಯ ಅತಿಥಿಗೃಹದಲ್ಲಿ ನಡೆಯಿತು. ಊಟದ ಏರ್ಪಾಟು ನನ್ನ ಗೆಳತಿಗೇ ಸಿಕ್ಕಿತ್ತು. ಬಡಿಸಲು ಕೈ ಬೇಕು ಎಂದು ಅವಳು ಕರೆದಳು; ನನಗೂ ಹೋಗಲು ಒಂದು ನೆಪ ಬೇಕಿತ್ತು. ಪಾತ್ರೆಗಳನ್ನಿಟ್ಟ ಪಡಸಾಲೆಯಿಂದ ಒಳಗಿನದೆಲ್ಲ ಕಾಣುತ್ತಿತ್ತು. ಒಂದು ಬದಿಗೆ ರೈತರು, ಇನ್ನೊಂದು ಬದಿಗೆ ಮಿಲ್ಲಿನವರು, ನಡುವೆ ಮೇಜಿನ ಹಿಂದೆ ಅಧಿಕಾರಿ. ವಯಸ್ಸಾದವರು, ಸಮಾಧಾನದ ಮನುಷ್ಯ. ಕನ್ನಡ ಬಾರದು.

ಅಪ್ಪನ ಸರದಿ ಬಂತು. ಅಪ್ಪನಿಗೆ ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಹಿಂದಿ ಬರುತ್ತಿತ್ತು. ಆದರೆ ಆ ದಿನ ಹೇಳಬೇಕಾದದ್ದು ಆ ಹಿಂದಿಯಲ್ಲಿ ಹಿಡಿಯುವಂಥದಾಗಿರಲಿಲ್ಲ. ಕನ್ನಡದಲ್ಲಿ ಶುರು ಮಾಡಿದರು. ಅನುವಾದಕ್ಕೆಂದು ಕರೆಸಿದ್ದ ಯುವಕ ದಕ್ಷಿಣದ ಯಾವುದೋ ಜಿಲ್ಲೆಯವನು. ಅಪ್ಪನ ಮಾತು ಅವನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಎರಡು ಸಲ “ಏನಂದ್ರಿ?” ಎಂದು ಕೇಳಿದ. ಮೂರನೆಯ ಸಲಕ್ಕೆ ಅಪ್ಪ “ಬಿಡಪಾ” ಎಂದು ಕೂರಲು ಹೋದರು.

ಆಗ ಮಿಲ್ಲಿನವರ ಸಾಲಿನಿಂದ ನಮ್ಮ ಮನೆಯವರು ಎದ್ದು ನಿಂತರು. “ನಾ ಹೇಳ್ತೀನ್ರಿ” ಎಂದು ರೈತರ ಬದಿಗೆ ದಾಟಿ, ಅಪ್ಪನ ಪಕ್ಕದಲ್ಲಿ ನಿಂತರು. ಹಿಂದಿನಿಂದ ಇನ್ನೊಬ್ಬ ಮಿಲ್ಲಿನವರು ಅಂಗಿ ಜಗ್ಗಿದ್ದು ನನಗೆ ಕಂಡಿತು.

ಅಪ್ಪ ಅವರನ್ನು ಒಂದು ಕ್ಷಣ ನೋಡಿದರು. ಆಮೇಲೆ ಹೇಳತೊಡಗಿದರು.

“ಸಾಹೇಬ್ರಿಗಿ ಹೇಳ್ರಿ. ನಾವು ಮಳಿ ಬಿದ್ದಕೂಡ್ಲೆ ಬಿತ್ತತೀವಿ, ಚಳಿಗಾಲದಾಗ ರಾಶಿ ಮಾಡ್ತೀವಿ. ಬಿತ್ತೂ ಮುಂದ ತೊಗರಿ ಬೆಳೀರಿ, ದೇಶಕ್ಕ ಬ್ಯಾಳಿ ಸಾಲವಲ್ದು ಅಂತೀರಿ. ರಾಶಿ ಮಾಡೂ ಮುಂದ ಹೊರಗಿಂದ ತರಸ್ತೀರಿ. ನಡುವ ನಾ ಹೊಲ ಕಿತ್ತಿ ಬ್ಯಾರೆ ಹಾಕಾಕ ಆಗ್ತದೇನು?”

ನಮ್ಮ ಮನೆಯವರು ಒಂದೊಂದು ಮಾತನ್ನೂ ಹಿಂದಿಗೆ ಮಾಡಿದರು. ಏನನ್ನೂ ಬಿಡಲಿಲ್ಲ, ಏನನ್ನೂ ಮೆದು ಮಾಡಲಿಲ್ಲ.

“ಇವ್ರು ನಮ್ಮ ಅಳಿಯಂದ್ರು” ಎಂದರು ಅಪ್ಪ, ಅವರ ಕಡೆ ಕೈ ತೋರಿಸಿ. “ಭಾಳ ಒಳ್ಳೇವ್ರು. ಆದ್ರ ಇವರ ಲಾರಿ ಬಂದ ದಿನ ನನ್ನ ಚೀಲಕ್ಕ ಗಿರಾಕಿ ಇಲ್ಲ. ಅದನ್ನೂ ಹೇಳ್ರಿ.”

ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ನಮ್ಮ ಮನೆಯವರು ಅದನ್ನೂ ಹೇಳಿದರು: ಇವರು ನನ್ನ ಮಾವ, ತೊಗರಿ ತರಿಸಿದವನು ನಾನು, ಅದರಿಂದ ತಮ್ಮ ಬೆಳೆಗೆ ಗಿರಾಕಿ ಇಲ್ಲ ಎನ್ನುತ್ತಿದ್ದಾರೆ, ಅದು ಖರೇ ಇದೆ.

ಅಧಿಕಾರಿ ನಗಲಿಲ್ಲ. “ಹಾಗಾದರೆ ನೀವೇನು ಹೇಳುತ್ತೀರಿ?” ಎಂದು ಅವರನ್ನೇ ಕೇಳಿದರು. ನಮ್ಮ ಮನೆಯವರು ಮಳೆಗಾಲದಲ್ಲಿ ನಿಂತ ಮಿಲ್ಲಿನ ಬಗ್ಗೆ, ಗೇಟಿನ ಮುಂದೆ ಕೂತು ಹೋಗುತ್ತಿದ್ದ ಹೆಂಗಸರ ಬಗ್ಗೆ ಹೇಳಿದರು. ಊರ ತೊಗರಿ ಮುಗಿದ ಮೇಲೆ ಹೊರಗಿನದು ಬೇಕೇ ಬೇಕು, ಆದರೆ ಸುಗ್ಗಿಯಲ್ಲಿ ಸುಂಕ ಹಾಕಿದರೆ ನಮಗೂ ಅಡ್ಡಿಯಿಲ್ಲ, ಎಲ್ಲ ಮಿಲ್ಲಿಗೂ ಅದು ಒಂದೇ ಆದರೆ ಸಾಕು ಎಂದರು. ಅವರ ಬದಿಯವರು ಕೆಲವರು ಗೊಣಗಿದರು. ಅಪ್ಪನಿಗೆ ಹಿಂದಿ ತಿಳಿಯುತ್ತಿತ್ತಲ್ಲ. ಎಲ್ಲವನ್ನೂ ತಲೆ ತಗ್ಗಿಸಿ ಕೇಳಿದರು. ಕೊನೆಗೆ, “ಇನ್ನೊಂದು ಸೇರಸ್ರಿ. ಸುಂಕ ಹಾಕ್ರಿ, ತಗೀರಿ, ಏನರ ಮಾಡ್ರಿ, ಬಿತ್ತೂದಕ್ಕ ಮೊದಲ ಹೇಳ್ರಿ. ಆಮ್ಯಾಲ ಬದಲಸಬ್ಯಾಡ್ರಿ” ಎಂದರು. ಅಧಿಕಾರಿ ಅದನ್ನು ಬರೆದುಕೊಂಡರು. ತಮ್ಮ ಕೈಯಲ್ಲಿ ತೀರ್ಮಾನವಿಲ್ಲ, ಮೇಲಿನವರಿಗೆ ಹೇಳುತ್ತೇನೆ ಎಂದಷ್ಟೇ ಮಾತು ಕೊಟ್ಟರು. ಪಟ್ಟಣದಲ್ಲಿ ಬೇಳೆ ತುಟ್ಟಿಯಾದರೆ ಬರುವ ಬೈಗುಳವೂ ತಮ್ಮ ಮೇಜಿಗೇ ಬರುತ್ತದೆ ಎಂದರು.

ಊಟಕ್ಕೆ ಎಲ್ಲರೂ ಹೊರಗೆ ಬಂದರು. ಅಪ್ಪ ಗೋಡೆಯ ಪಕ್ಕ ಒಂದು ಕುರ್ಚಿಯಲ್ಲಿ ಕೂತರು. ಗೆಳತಿಯೇ ತಟ್ಟೆ ತಂದಳು.

“ಶರಮ್ ನಕ್ಕೋ ಕಾಕಾ, ಹೊಟ್ಟಿ ತುಂಬ ಉಣ್ರಿ. ಇವತ್ತ ದಾಲ್ ಗಟ್ಟಿ ಮಾಡೇನಿ.”

“ದಿನಾ ಹ್ಯಾಂಗ ಮಾಡ್ತಿ ತಂಗಿ?”

ಅವಳು ನನ್ನ ಮುಖ ನೋಡಿ, ಸುಳ್ಳು ಹೇಳದೆ, “ದಿನಾ ಪತ್ಲಾ” ಎಂದಳು. “ಹೋದ ವರ್ಷ ಇನ್ನಾ ಪತ್ಲಾ ಇತ್ತು. ಈಗ ಜರಾ ಸಸ್ತಾ ಆಗ್ಯದ, ಜರಾ ಗಟ್ಟಿ ಆಗ್ಯದ. ನಿಮಗ ಲುಕ್ಸಾನ್ ಆಗಿ ನನಗ ಸಸ್ತಾ ಆಗ್ಯದ ಅಂತ ನಂಗೇನು ಗೊತ್ತಿತ್ತು ಕಾಕಾ?”

ಅಪ್ಪ ಅನ್ನಕ್ಕೆ ಬೇಳೆ ಕಲಸುತ್ತಿದ್ದ ಕೈ ನಿಲ್ಲಿಸಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. “ಯಾರ ಮ್ಯಾಲ ಸಿಟ್ಟ ಮಾಡಬೇಕು ಅನ್ನೂದು ತಿಳಿವಲ್ದು ನೋಡು” ಎಂದರು. ಆಮೇಲೆ, “ಛಲೋ ಆಗ್ಯದ. ಇನ್ನಷ್ಟು ಹಾಕು” ಎಂದು ತಟ್ಟೆ ಮುಂದೆ ಹಿಡಿದರು. ನಮ್ಮ ಮನೆಯವರು ದೂರ ನಿಂತಿದ್ದರು. ಅಪ್ಪನೇ ಕರೆದರು: “ಅಳಿಯಂದ್ರ, ಉಣ್ಣಾಕ ಬರ್ರಿ.” ಆ ಸಂಜೆ ಅಪ್ಪ ಬಹಳ ತಿಂಗಳ ಮೇಲೆ ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದರು.

ಸುಂಕ ಬರಲಿಲ್ಲ. ಇದನ್ನು ಹೇಳಲೇಬೇಕು, ಇಲ್ಲದಿದ್ದರೆ ಆ ಸಭೆಯಿಂದ ಎಲ್ಲ ಸರಿಹೋಯಿತು ಎಂದಾದೀತು. ಸ್ವಲ್ಪ ದಿನದ ಮೇಲೆ ಕಮಲಾಪುರದಲ್ಲಿ ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆಯಿತು. ಅಪ್ಪ ಅಲ್ಲಿ ಸಾಲು ನಿಂತು ತಮ್ಮ ತೊಗರಿಯ ಒಂದು ಪಾಲನ್ನು ಕೊಟ್ಟರು. ಉಳಿದದ್ದನ್ನು ನಮ್ಮ ಮನೆಯವರು ಟೆಂಪೊ ತೆಗೆದುಕೊಂಡು ಹೋಗಿ ತಾವೇ ತಂದರು. ಅದನ್ನು ಬೇರೆ ತೊಗರಿಯ ಜೊತೆ ಬೆರೆಸದೆ, ಮಿಲ್ಲನ್ನು ಪೂರ್ತಿ ಗುಡಿಸಿ, ಬೇರೆಯಾಗಿ ಒಡೆಸಿದರು. ಅಂಗಡಿಯಲ್ಲಿ ನಾನು ಎರಡು ಚೀಲ ಇಟ್ಟು, ಇದು ಊರಿನದು, ಇದು ಹೊರಗಿನದು ಎಂದು ಬಂದವರಿಗೆ ಬಾಯಿಬಿಟ್ಟು ಹೇಳತೊಡಗಿದೆ. ಕೆಲವರು ರುಚಿಗಾಗಿ ಊರಿನದನ್ನೇ ಒಯ್ದರು, ಕೆಲವರು ಅಗ್ಗದ್ದನ್ನು ಒಯ್ದರು. ಅಗ್ಗದ್ದನ್ನು ಒಯ್ಯುವವರ ಮುಖ ನೋಡಿ ನನಗೆ ಯಾವತ್ತೂ ಬೇಸರವಾಗಲಿಲ್ಲ. ಗೆಳತಿ ಮಾತ್ರ ಎರಡನ್ನೂ ಕಲಸಿ ಬೇಯಿಸುತ್ತಾಳೆ. “ಆಧಾ ಕಮಲಾಪುರ, ಆಧಾ ಆಫ್ರಿಕಾ” ಎಂದು ನಗುತ್ತಾಳೆ.

ಅಪ್ಪ ಮತ್ತು ನಮ್ಮ ಮನೆಯವರು ಈಗಲೂ ಜಗಳವಾಡುತ್ತಾರೆ. ಮೊದಲು ಮಾತೇ ಇರಲಿಲ್ಲ, ಈಗ ಜಗಳವಿದೆ. ಅವ್ವನಿಗೂ ನನಗೂ ಅಷ್ಟು ಸಾಕಾಗಿದೆ. ಕಳೆದ ಸಲ ಮೊದಲ ಮಳೆ ಬಿದ್ದ ವಾರ ನಾವು ಕಮಲಾಪುರಕ್ಕೆ ಹೋಗಿದ್ದೆವು. ಅಪ್ಪ ಕಟ್ಟೆಯ ಮೇಲೆ ಬೀಜದ ತೊಗರಿ ಹರವಿಕೊಂಡು ಕೂತಿದ್ದರು.

“ಈ ವರ್ಷ ಏನ್ ಮಾಡ್ತಾರಂತ್ರಿ ದೆಹಲಿಯೊಳಗ?” ಎಂದು ಅಳಿಯನನ್ನು ಕೇಳಿದರು.

“ಗೊತ್ತಿಲ್ರೀ ಮಾವಾರ. ಯಾರಿಗೂ ಗೊತ್ತಿಲ್ಲ.”

“ನಿಮಗೂ ಗೊತ್ತಿಲ್ಲಂದ್ರ ನನ್ನಂಗೇ ಆದಿರಿ” ಎಂದು ಅಪ್ಪ ನಕ್ಕರು. ಅರ್ಧ ಹೊಲಕ್ಕೆ ಆಗುವಷ್ಟು ಬೀಜ ತೆಗೆದಿಟ್ಟು, ಉಳಿದದ್ದನ್ನು ಅಡುಗೆಗೆಂದು ಅವ್ವನ ಕಡೆ ಸರಿಸಿದರು. ಉಳಿದ ಅರ್ಧಕ್ಕೆ ಬಾಳೆ ಇಡುವುದೆಂದು ಮೊದಲೇ ನಿರ್ಧರಿಸಿದ್ದರು. ನಮ್ಮ ಮನೆಯವರು ಪ್ಯಾಂಟು ಮಡಚಿಕೊಂಡು ಅವರ ಹಿಂದೆ ಹೊಲಕ್ಕೆ ಹೋದರು. ಸಾಲಿನ ನಡುವೆ ಎಷ್ಟು ಅಂತರ ಬಿಡಬೇಕೆಂದು ಇಬ್ಬರೂ ವಾದ ಮಾಡುವುದು ಹೊಲದ ಬಾವಿಯ ಕಡೆಯಿಂದ ನನಗೂ ಅವ್ವನಿಗೂ ಕೇಳುತ್ತಿತ್ತು.